ಕರಬೂಜವಿಲ್ಲದ ಮೆಲನ್ ಪಾನ್

ಸಕ್ಕರೆ ಹಾಕಿದ ಬೆಚ್ಚಗಿನ ಹಾಲಿನಲ್ಲಿ ಯೀಸ್ಟ್ ನೆನೆದಾಗ ಬರುವ ವಾಸನೆ ನಿಮಗೆ ಗೊತ್ತಿರಬಹುದು. ಅರ್ಧ ಹುಳಿ, ಅರ್ಧ ಸಿಹಿ. ಹುದುಗು ಬಂದ ದೋಸೆ ಹಿಟ್ಟಿಗೆ ದೂರದ ನೆಂಟಸ್ತಿಕೆ ಇರುವಂಥದ್ದು. ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಆ ವಾಸನೆ ಬಂತು. ಕಾಲೇಜಿಗೆ ರಜೆ, ಲವೀನಾ ನನಗಿಂತ ಮೊದಲೇ ಎದ್ದು ಹಿಟ್ಟು ನಾದುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಈ ವಾಸನೆ ಸಕಲೇಶಪುರದ ನನ್ನ ಮನೆಗೆ ಹೇಗೆ ಬಂತೆಂಬುದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು.

ಲವೀನಾ ನನ್ನ ತಮ್ಮ ವಿನ್ಸೆಂಟನ ಮಗಳು. ಅವನು ಹಾನುಬಾಳಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ರೈಟರ್ ಎಂದರೆ ಆಳುಗಳ ಹಾಜರಿ ಹಿಡಿದು, ಯಾರಿಗೆ ಎಲ್ಲಿ ಕೆಲಸ ಎಂದು ಹಂಚುವವನು. ಬರೆಯುವ ಹುಚ್ಚಿದ್ದದ್ದು ನನಗೆ, ರೈಟರ್ ಅನ್ನಿಸಿಕೊಂಡದ್ದು ಅವನು ಎಂದು ಮನೆಯಲ್ಲಿ ನಗುತ್ತಿದ್ದೆವು. ನಮ್ಮದು ಮಂಗಳೂರಿನಿಂದ ಘಟ್ಟ ಹತ್ತಿ ಬಂದ ಕ್ರೈಸ್ತರ ಮನೆತನ. ಅವನು ಇಷ್ಟಪಟ್ಟು ಮದುವೆಯಾದದ್ದು ಮಗ್ಗೆಯ ರೈತರ ಮನೆಯ ಪುಷ್ಪಳನ್ನು. ಹೀಗಾಗಿ ಅವನ ಮನೆಯಲ್ಲಿ ಕೊಂಕಣಿ ಮೂಲೆ ಸೇರಿತು, ಮಗಳು ತಾಯಿಯ ಕನ್ನಡವನ್ನೇ ಕಲಿತಳು. ಅವಳು "ಐತೆ" ಅಂದಾಗಲೆಲ್ಲ "ಇದೆ ಅನ್ನು" ಎಂದು ತಿದ್ದುವುದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನ್ನ ಚಟ. ಅವಳು ತಿದ್ದಿಕೊಂಡಿಲ್ಲ, ನಾನೂ ಬಿಟ್ಟಿಲ್ಲ.

ಕಳೆದ ವರ್ಷ ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ, ಬೆಳಗಿನ ಮಂಜಿನಲ್ಲಿ ಹಾಜರಿಗೆ ಹೊರಟ ವಿನ್ಸೆಂಟನನ್ನು ಆನೆ ತುಳಿದು ಕೊಂದಿತು. ನಮ್ಮ ಕಡೆ ಇದು ಕೇಳದ ಸುದ್ದಿಯಲ್ಲ. ಕೇಳಿದಾಗಲೆಲ್ಲ ಅಯ್ಯೋ ಪಾಪ ಅಂದು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಆ ಸಲ ಹೋಗಲು ಮುಂದಿನ ಕೆಲಸವೇ ಇರಲಿಲ್ಲ.

ಪುಷ್ಪ ಎಸ್ಟೇಟಿನ ಮನೆ ಬಿಟ್ಟು ತವರಿಗೆ ಹೋದಳು. ಲವೀನಾಳ ಪಿಯುಸಿ ನಡುವೆ ನಿಲ್ಲಬಾರದೆಂದು ನಾನು ಅವಳನ್ನು ಕರೆತಂದೆ. ಹುಡುಗಿ ಅಳಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಲ್ಲಿ ಆಡಿಸಿ ಎದ್ದುಬಿಡುತ್ತಿದ್ದಳು. ಅಪ್ಪನ ಹೆಸರು ಎತ್ತುತ್ತಿರಲಿಲ್ಲ. ನಾನೆತ್ತಿದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಹಂದಿ ಮಾಂಸ ಬೇಯಿಸಿದೆ, ಅದರ ಜೊತೆಗೆ ಇಡ್ಲಿಯಂಥ ಸನ್ನ ಮಾಡಿದೆ, ಗದರಿದೆ, ದೇವರ ಆಣೆ ಹಾಕಿದೆ. ಒಂದು ತುತ್ತು ಹೆಚ್ಚಿಗೆ ಇಳಿಯಲಿಲ್ಲ. ಚೂಡಿದಾರ ಮೈಮೇಲೆ ಜೋಲತೊಡಗಿತು. ಡಾಕ್ಟರು ಟಾನಿಕ್ ಕೊಟ್ಟರು, ಅದನ್ನೂ ಬಚ್ಚಲಿಗೆ ಸುರಿದಳು.

ಅವಳು ಬಿಡದೆ ಮಾಡುತ್ತಿದ್ದದ್ದು ಒಂದೇ: ಮೊಬೈಲಿನಲ್ಲಿ ಅನಿಮೆ ನೋಡುವುದು. ಜಪಾನಿನ ಆ ಕಾರ್ಟೂನುಗಳನ್ನು ಎಂಟನೇ ಕ್ಲಾಸಿನಿಂದಲೂ ನೋಡುತ್ತಿದ್ದಳು. ಒಂದು ಸಂಜೆ ಅವಳ ಬೆನ್ನ ಹಿಂದೆ ನಿಂತು ನಾನೂ ಇಣುಕಿದೆ. ದೊಡ್ಡ ಕಣ್ಣಿನ ಒಬ್ಬ ಹುಡುಗಿ ಕಾಗದದ ಚೀಲದಿಂದ ದುಂಡನೆಯ ಬ್ರೆಡ್ಡು ತೆಗೆದಳು. ಅದರ ಮೇಲೆ ಚೌಕಚೌಕ ಗೆರೆ, ಹೊಳೆಯುವ ಸಕ್ಕರೆ ಹರಳು. ಮುರಿದಾಗ ಬಿಳಿ ಆವಿ ಎದ್ದಿತು. ಆಗ ಲವೀನಾ ಉಗುಳು ನುಂಗಿದ್ದನ್ನು ನಾನು ನೋಡಿದೆ. ಅವಳು ಬಂದ ಮೇಲೆ ನನಗೆ ಕಂಡ ಮೊದಲ ಹಸಿವು ಅದು.

"ಅದೇನೇ ಅದು?"

"ಮೆಲನ್ ಪಾನ್, ಆಂಟಿ."

"ಪಾನಾ? ವೀಳ್ಯದೆಲೆಯದಾ?"

"ಅಲ್ಲ ಆಂಟಿ. ಜಪಾನಲ್ಲಿ ಬ್ರೆಡ್ಡಿಗೆ ಪಾನ್ ಅಂತಾರೆ."

"ಒಳಗೆ ಕರಬೂಜ ಹಾಕ್ತಾರಾ ಹಾಗಾದ್ರೆ?"

"ಏನೂ ಇರಲ್ಲ. ನೋಡಕ್ಕೆ ಕರಬೂಜದ ಸಿಪ್ಪೆ ತರ ಐತೆ, ಅದ್ಕೆ ಆ ಹೆಸ್ರು."

ಆ ಸಲ "ಇದೆ ಅನ್ನು" ಎಂದು ನಾನು ತಿದ್ದಲಿಲ್ಲ. ನಮ್ಮಮ್ಮ ಬ್ರೆಡ್ಡಿಗೆ ಪಾಂವ್ ಅನ್ನುತ್ತಿದ್ದಳು. ಪೋರ್ಚುಗೀಸರು ಹಡಗಿನಲ್ಲಿ ಇಲ್ಲಿಗೂ ಅಲ್ಲಿಗೂ ಹೊತ್ತು ತಂದ ಒಂದೇ ಮಾತು ಅದು ಎಂದು ಎಲ್ಲೋ ಓದಿದ್ದು ನೆನಪಾಯಿತು. ಹೇಳಿದೆ. ಅವಳು ಮೊಬೈಲ್ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅಂದ್ರೆ ಪಾಂವೂ ಪಾನೂ ಒಂದೇನಾ?" ಅಂದಳು. ಅಷ್ಟೇ. ಆದರೂ ತಿರುಗಿದಳಲ್ಲ.

ಕ್ರಿಸ್‌ಮಸ್ ಕೇಕಿಗೆಂದು ಕೊಂಡಿದ್ದ ಪುಟ್ಟ ಓವನ್ನನ್ನು ಮರುದಿನವೇ ಅಟ್ಟದಿಂದ ಇಳಿಸಿದೆ. ಕೇಕು ನನಗೆ ಬರುತ್ತದೆ. ಬನ್ನು ಬರುವುದಿಲ್ಲ ಎಂಬುದು ತಿಳಿದದ್ದು ಆಮೇಲೆ. ನಮ್ಮೂರಿನ ಚಳಿಗೆ ಹಿಟ್ಟು ಉಬ್ಬಲು ಒಪ್ಪಲಿಲ್ಲ. ಪಾತ್ರೆಯನ್ನು ಬಚ್ಚಲ ಹಂಡೆಯ ಪಕ್ಕ ಇಟ್ಟೆ, ಉಬ್ಬಿತು. ಬನ್ನಿನ ಉಂಡೆಯ ಮೇಲೆ ಬಿಸ್ಕತ್ತಿನ ಹಿಟ್ಟಿನ ತೆಳ್ಳನೆಯ ಹಾಳೆ ಹೊದಿಸಿ, ಚಾಕುವಿನಿಂದ ಗೆರೆ ಎಳೆದು ಬೇಯಿಸಬೇಕು. ನಾನು ಹೊದಿಸಿದ ಹಾಳೆ ಓವನ್ನಿನೊಳಗೆ ಒಂದು ಪಕ್ಕಕ್ಕೆ ಜಾರಿತು, ಕೆಳಗಿನಿಂದ ಬನ್ನು ತಲೆ ಹೊರಹಾಕಿತು.

ಲವೀನಾ ಬಂದು ನೋಡಿದಳು. "ಇದು ಆಮೆ ಆಂಟಿ," ಅಂದಳು. ಆಮೇಲೆ ನನಗೆ ಸಮಾಧಾನ ಹೇಳುವವಳಂತೆ, "ಆಮೆ ತರದ್ದೂ ಮಾಡ್ತಾರೆ ಅಲ್ಲಿ," ಅಂದಳು. ಆದರೆ ತಿನ್ನಲಿಲ್ಲ. ನಾನು ತಟ್ಟೆಗೆ ಹಾಕಿ, "ನಿನಗೋಸ್ಕರ ಇಷ್ಟು ಕಷ್ಟಪಟ್ಟಿದ್ದೀನಿ, ತಿನ್ನಲೇಬೇಕು" ಎಂದು ಎದುರಿಗೆ ಕೂತಿದ್ದೆ. ಅವಳು ತಲೆ ತಗ್ಗಿಸಿದಳು.

"ಆ ಬೊಂಬೆ ತಿಂದ್ರೆ ಬಾಯಲ್ಲಿ ನೀರೂರುತ್ತೆ, ನಾನು ಮಾಡಿದ್ದು ಯಾಕೆ ಬೇಡ?" ಎಂದು ಕೇಳಿಯೇಬಿಟ್ಟೆ.

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಅಲ್ಲಿ ಯಾರೂ ತಿನ್ನು ತಿನ್ನು ಅನ್ನಲ್ಲ ಆಂಟಿ. ಬೇಜಾರಲ್ಲಿ ಇರೋರ ಪಕ್ಕ ಬಂದು ಕೂತ್ಕತಾರೆ. ಬ್ರೆಡ್ಡು ಅರ್ಧ ಮುರಿದು ಕೈಗೆ ಕೊಡ್ತಾರೆ. ತಿಂದ್ರೂ ಸರಿ, ಇಟ್ಕಂಡಿದ್ರೂ ಸರಿ. ಅವರ ಪಾಡಿಗೆ ಅವರು ತಿಂತಾ ಇರ್ತಾರೆ. ನಂಗೆ ಅದನ್ನ ನೋಡ್ತಾ ಇರಬೇಕು ಅನ್ಸುತ್ತೆ."

ವಿನ್ಸೆಂಟನನ್ನು ಮಣ್ಣು ಮಾಡಿ ಬಂದ ದಿನ ನೆನಪಾಯಿತು. ಬಂದವರೆಲ್ಲ ಈ ಹುಡುಗಿಯ ಬಾಯಿಗೆ ಏನಾದರೂ ತುರುಕಲು ನೋಡಿದ್ದರು. ನಾನೇ ಎಲ್ಲರಿಗಿಂತ ಮುಂದೆ ಇದ್ದೆ. ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರೂ ಅವಳ ಪಕ್ಕದಲ್ಲಿ ಸುಮ್ಮನೆ ಕೂತಿರಲಿಲ್ಲ.

ಎದ್ದು ಅವಳ ಮಗ್ಗುಲಿಗೆ ಹೋಗಿ ಕೂತೆ. ಆಮೆಯನ್ನು ಮುರಿದು ಅರ್ಧ ಅವಳ ಕೈಗಿಟ್ಟು, ಉಳಿದದ್ದನ್ನು ನಾನು ತಿನ್ನತೊಡಗಿದೆ. ಚೆನ್ನಾಗೇನೂ ಇರಲಿಲ್ಲ. ಕಿಟಕಿಯಾಚೆ ಘಟ್ಟ ಇಳಿಯುವ ಲಾರಿಗಳ ಸದ್ದು. ನಾನು ಅವಳ ಕಡೆ ನೋಡಲಿಲ್ಲ. ಮೇಷ್ಟರಿಕೆ ಮಾಡಿದವರಿಗೆ ಅದು ಸುಲಭದ ಕೆಲಸವಲ್ಲ. ಕೊನೆಗೊಮ್ಮೆ ಬಿಸ್ಕತ್ತಿನ ಪದರ ಕಟುಮ್ಮೆಂದ ಶಬ್ದ ಕೇಳಿತು.

ಆಮೇಲೆ ಇಬ್ಬರೂ ಸೇರಿ ಕಲಿತೆವು. ಅವಳು ಮೊಬೈಲಿನಲ್ಲಿ ನೋಡಿ ಹೇಳುತ್ತಿದ್ದಳು, ನಾನು ನಾದುತ್ತಿದ್ದೆ. ಕೆಂಪು ಕಾಳಿನ ಸಿಹಿ ತುಂಬುವ ಆನ್‌ಪಾನ್ ಎಂಬ ಇನ್ನೊಂದು ಬನ್ನನ್ನು ತೋರಿಸಿದಳು. ಆ ಕಾಳು ನಮ್ಮಲ್ಲಿ ಸಿಗಲಿಲ್ಲ. ಮಗ್ಗೆಗೆ ಹೋದಾಗ ಪುಷ್ಪ ಅಲಸಂದೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬಿಕೊಟ್ಟಳು. "ಜಪಾನಿನೋರೂ ಹೋಳಿಗೆ ತಿಂತಾರಾ ಹಂಗಾರೆ?" ಎಂದು ಪುಷ್ಪ ಕೇಳಿದಾಗ ತಾಯಿ ಮಗಳಿಬ್ಬರ ಮುಖದಲ್ಲೂ ಒಂದಿಷ್ಟು ನಗು ಬಂತು. ಊಟವೂ ನಿಧಾನವಾಗಿ ಮರಳಿತು. ಅಪ್ಪನ ಹೆಸರು ಮಾತ್ರ ಮರಳಲಿಲ್ಲ.

ಹೋದ ತಿಂಗಳು ವಿನ್ಸೆಂಟನ ವರ್ಷದ ಪೂಜೆ. ಚರ್ಚಿನಿಂದ ಬಂದ ಮೇಲೆ ಲವೀನಾ ಎಸ್ಟೇಟಿಗೆ ಹೋಗಬೇಕು ಅಂದಳು. ಆ ದಾರಿಗೆ ಅವಳು ಮತ್ತೆ ಕಾಲಿಟ್ಟಿರಲಿಲ್ಲ. ಆನ್‌ಪಾನ್ ತುಂಬಿದ ಡಬ್ಬಿ ಹಿಡಿದು ಪುಷ್ಪಳೂ ಸೇರಿ ನಾವು ಮೂವರೂ ಜೀಪಿನಲ್ಲಿ ಹೋದೆವು. ಆಳುಗಳ ಮನೆಗಳಿರುವ ಲೈನಿನಲ್ಲಿ ಎಲ್ಲರಿಗೂ ಹಂಚಿದೆವು. ಕೊನೆಯ ಮನೆ ಮಂಜಣ್ಣನದು. ಆ ಬೆಳಿಗ್ಗೆ ವಿನ್ಸೆಂಟನ ಜೊತೆಯಲ್ಲಿದ್ದವನು ಅವನೊಬ್ಬನೇ.

ಲವೀನಾ ಅವನ ಜಗಲಿಯ ಮೇಲೆ ಪಕ್ಕದಲ್ಲೇ ಕೂತಳು. ಬನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು. ಇಬ್ಬರೂ ತಿಂದು ಮುಗಿಸಿದ ಮೇಲೆ ಕೇಳಿದಳು.

"ಮಂಜಣ್ಣ, ಅಪ್ಪ ಕೂಗಿದ್ರಾ?"

ಪುಷ್ಪ ನನ್ನ ಕೈ ಹಿಡಿದುಕೊಂಡಳು. ಮಂಜಣ್ಣ ಅಂಗಳವನ್ನೇ ನೋಡುತ್ತಿದ್ದ.

"ಕೂಗಿದ್ರು ಕಣವ್ವಾ. ಮಂಜಲ್ಲಿ ನಂಗೆ ಏನೂ ಕಾಣ್ತಿರ್ಲಿಲ್ಲ. ಮುಂದೆ ಹೋಗ್ತಿದ್ದೋರು ಅವರು. 'ಮಂಜಾ, ಓಡೋ, ಹೆಂಗಸ್ರನ್ನ ತಡಿ' ಅಂತ ಕೂಗಿದ್ರು. ಹಿಂದ್ಗಡೆ ಹಣ್ಣು ಕೊಯ್ಯೋರು ಬರ್ತಾ ಇದ್ರಲ್ಲ. ನಾನು ಓಡ್ಬುಟ್ಟೆ. ಅವರನ್ನ ತಡೆದೆ. ತಿರುಗಿ ಬರೋ ಹೊತ್ಗೆ ಎಲ್ಲಾ ಮುಗಿದೋಗಿತ್ತು." ಅವಳ ಕಡೆ ತಿರುಗಿ, "ನೋವಿಗೆ ಕೂಗಿದ್ದಲ್ಲ ಕಣವ್ವಾ, ನಮಗೋಸ್ಕರ ಕೂಗಿದ್ದು" ಅಂದ.

ಲವೀನಾ ಅಳತೊಡಗಿದಳು. ಒಂದು ವರ್ಷದ ಅಳು. ಮಂಜಣ್ಣನ ಹೆಂಡತಿ ಒಳಗಿನಿಂದ ಬಂದು ಹತ್ತಿರ ನಿಂತಳು. ಸುಮ್ಮನಿರು ಎಂದು ಯಾರೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅವಳು, "ಅಪ್ಪ ಚಿಕ್ಕೋರಿದ್ದಾಗ ಹೆಂಗಿದ್ರು ಆಂಟಿ?" ಎಂದು ಕೇಳಿದಳು. ಕೈ ನಾದುತ್ತಲೇ ಇತ್ತು. ನಾನು ಸ್ಟೂಲ್ ಎಳೆದುಕೊಂಡು ಕೂತೆ. ಹೇಮಾವತಿಯಲ್ಲಿ ಈಜಲು ಹೋಗಿ ಚಡ್ಡಿ ಕಳೆದುಕೊಂಡ ವಿನ್ಸೆಂಟ್, ಬಾಳೆಲೆ ಸುತ್ತಿಕೊಂಡು ಸಂತೆಯ ನಡುವಿನಿಂದ ಮನೆಗೆ ಬಂದದ್ದನ್ನು ಹೇಳಲು ಶುರುಮಾಡಿದೆ. ಎಷ್ಟೋ ಕಾಲದಿಂದ ಯಾರಿಗೂ ಹೇಳಿರದ ಕಥೆ. ನಡುವೆ ಕಣ್ಣೊರೆಸಿಕೊಳ್ಳಲು ನಾನೇ ನಿಲ್ಲಿಸಿದೆ.

ಅವಳು ಅವಸರ ಮಾಡಲಿಲ್ಲ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಬಂದು ನನ್ನೆದುರು ನೆಲದ ಮೇಲೆ ಕೂತಳು.

"ಆಮೇಲೆ?" ಅಂದಳು.