ಸಂಜೆ ಹೇಳಿದ್ದು ಬೆಳಗ್ಗೆ ಲೆಕ್ಕಕ್ಕಿಲ್ಲ

ವರ್ಷಕ್ಕೊಮ್ಮೆ ಲ್ಯಾಬಿನವರೆಲ್ಲ ಒಟ್ಟಿಗೆ ಎಲ್ಲಾದರೂ ಹೋಗಿ ಒಂದು ರಾತ್ರಿ ತಂಗಿ ಬರುವುದು ನಮ್ಮ ಯೂನಿವರ್ಸಿಟಿಯ ರೂಢಿ. ಬರುವುದಿಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ವರ್ಷ ಹಿರೋಷಿಮಾದಿಂದ ಪೂರ್ವಕ್ಕೆ, ಒಕಾಯಾಮಾ ಕಡೆಯ ಕರಾವಳಿಯ ದ್ರಾಕ್ಷಿ ಗುಡ್ಡಗಳಿಗೆ ಹೋಗುವುದೆಂದಾಯಿತು. ಸಮುದ್ರ ನೋಡುತ್ತ ವೈನ್ ಕುಡಿಯುವುದು ಕಾರ್ಯಕ್ರಮ. ನಾನು ಕುಡಿಯುವವಳಲ್ಲ. ಹಾಗಾಗಿ ಯಾರೂ ಏನೂ ಕೇಳದೆಯೇ ಬಾಡಿಗೆ ವ್ಯಾನಿನ ಕೀಲಿ ನನ್ನ ಕೈಗೆ ಬಂತು. ಜಪಾನಿನಲ್ಲಿ ಒಂದು ಗುಟುಕು ಕುಡಿದವರೂ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಕುಡಿಯದ ಒಬ್ಬರು ಗುಂಪಿನಲ್ಲಿದ್ದರೆ ಉಳಿದವರಿಗೆಲ್ಲ ಹಬ್ಬ. ಮೂರು ವರ್ಷದಿಂದ ಆ ಹಬ್ಬದ ಗಾಡಿ ಎಳೆಯುವ ಎತ್ತು ನಾನೇ.

ಆ ಸಲ ನನಗೆ ಬೇರೊಂದು ಕೆಲಸವಿತ್ತು. ಪಿಎಚ್‌ಡಿ ಬಿಟ್ಟು ಮೈಸೂರಿಗೆ ವಾಪಸ್ ಹೋಗುತ್ತೇನೆಂದು ಸೆನ್ಸೇಗೆ, ಅಂದರೆ ನಮ್ಮ ಪ್ರೊಫೆಸರಿಗೆ, ಹೇಳಬೇಕಿತ್ತು. ಕಾರಿನ ತಗಡಿಗೆ ಉಪ್ಪುಗಾಳಿಯಿಂದ ತುಕ್ಕು ಹೇಗೆ ಹಿಡಿಯುತ್ತದೆ ಎನ್ನುವುದು ನನ್ನ ಸಂಶೋಧನೆ. ತಗಡಿಗಿಂತ ಮೊದಲು ನನಗೇ ಹಿಡಿದಿತ್ತು. ನಿದ್ದೆ ಮಾಡಿ ಎದ್ದರೂ ಹೋಗದ ಆಯಾಸ ಅದು; ಹಲ್ಲುಜ್ಜುವುದಕ್ಕೂ ಮನಸ್ಸನ್ನು ಒಪ್ಪಿಸಬೇಕಾಗುತ್ತಿತ್ತು. ಬಿಡುವ ವಿಷಯವನ್ನು ಲ್ಯಾಬಿನ ಹಿರಿಯ ವಿದ್ಯಾರ್ಥಿಗೆ ಮಾತ್ರ ತಿಳಿಸಿದ್ದೆ. ಅವನು ಅತ್ತಿತ್ತ ನೋಡಿ, "ಅವರ ರೂಮಿನಲ್ಲಿ ಹೇಳಬೇಡ. ಟ್ರಿಪ್‌ನಲ್ಲಿ, ಕುಡಿಯೋ ಹೊತ್ತಿಗೆ ಹೇಳು. ಕಷ್ಟದ ಮಾತಿಗೆ ಅದೇ ಜಾಗ" ಎಂದಿದ್ದ.

ಶನಿವಾರವಿಡೀ ಒಂದು ವೈನರಿಯಿಂದ ಇನ್ನೊಂದಕ್ಕೆ ಗುಡ್ಡದ ಸಣ್ಣ ರಸ್ತೆಗಳಲ್ಲಿ ವ್ಯಾನ್ ತಿರುಗಿಸಿದೆ. ಸೆಪ್ಟೆಂಬರಿನ ಸೆಕೆ. ಹೋದಲ್ಲೆಲ್ಲ ನನ್ನ ಕೊರಳಿಗೆ 'ಡ್ರೈವರ್' ಎಂದು ಬರೆದ ಹಳದಿ ಪಟ್ಟಿ ಹಾಕಿ, ಕೈಗೊಂದು ಲೋಟ ದ್ರಾಕ್ಷಿ ಜ್ಯೂಸ್ ಕೊಡುತ್ತಿದ್ದರು. ಮೂರನೆಯ ಕಡೆ ಆ ಸಿಹಿ ಸಾಕಾಗಿ ಲೋಟ ಹಾಗೇ ಬಿಟ್ಟೆ. ತಲೆ ಮೇಲಿನ ಚಪ್ಪರದಲ್ಲಿ ಒಂದೊಂದು ಗೊಂಚಲಿಗೂ ಬಿಸಿಲು ತಾಗದಂತೆ ಕಾಗದದ ಟೋಪಿ ಕಟ್ಟಿದ್ದರು. ಹುಡುಗರು ಫೋಟೋ ತೆಗೆದರು. ದ್ರಾಕ್ಷಿಗೆ ಇರುವ ಭಾಗ್ಯ ನಮಗಿಲ್ಲವಲ್ಲ ಎಂದುಕೊಂಡೆ. ಕೆಳಗೆ ಸಮುದ್ರವಿತ್ತು, ದ್ವೀಪಗಳಿದ್ದವು. ಚೆನ್ನಾಗಿಯೇ ಇದ್ದಿರಬೇಕು.

ಸಂಜೆ ತಂಗುವ ಮನೆಯಲ್ಲಿ ಊಟಕ್ಕೆ ಕೂತಾಗ ಸೆನ್ಸೇ ಪಕ್ಕದ ಜಾಗ ಹಿಡಿದೆ. ಇಲ್ಲಿ ಯಾರೂ ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲ. ಪಕ್ಕದವರು ನೋಡಿ ತುಂಬಬೇಕು. ಅವರ ಲೋಟ ತುಂಬುತ್ತಲೇ ಹೋದೆ. ಮುಖ ಕೆಂಪಾಗಿ, ನಗು ಸಡಿಲವಾದ ಮೇಲೆ ಹೇಳಿಬಿಟ್ಟೆ.

"ಸೆನ್ಸೇ, ನನಗೆ ಸಾಕಾಗಿದೆ. ಬಿಟ್ಟು ಊರಿಗೆ ಹೋಗ್ತೀನಿ."

"ಹೌದು ಹೌದು, ಹೋಗಬೇಕು" ಎಂದು ಜೋರಾಗಿ ನಕ್ಕರು. "ಊರಿನ ಊಟ ಮಾಡಿ. ನಿದ್ದೆ ಮಾಡಿ."

ಅಷ್ಟೇ. ಅತ್ತ ತಿರುಗಿ ಯಾರಿಗೋ ದ್ರಾಕ್ಷಿ ಸಿಪ್ಪೆಯ ಬಗ್ಗೆ ಹೇಳತೊಡಗಿದರು. ಭಾರ ಇಳಿಯಿತೆಂದು ಖುಷಿಪಡಬೇಕಿತ್ತು. ಬದಲಿಗೆ ಪಿಚ್ಚೆನಿಸಿತು. ಒಂದು ಸಲವಾದರೂ ಬೇಡ ಅನ್ನಬಾರದಿತ್ತೇ? ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂದ ಹಾಗೆ, ಹೋಗುವುದೂ ಬೇಕು, ತಡೆಯುವವರೂ ಬೇಕು ನನಗೆ.

ಬೆಳಗ್ಗೆ ತಿಂಡಿಗೆ ಕೂತಾಗ ಸೆನ್ಸೇ ಎಂದಿನಂತೆ ತಲೆಬಾಗಿ ವಂದಿಸಿ, "ಸೋಮವಾರದ ಮೀಟಿಂಗಿಗೆ ಹೊಸ ಗ್ರಾಫ್ ತರ್ತೀರಲ್ಲ?" ಎಂದು ಕೇಳಿದರು. ಹಿರಿಯ ವಿದ್ಯಾರ್ಥಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೊರಗೆ ಬಂದು ವ್ಯಾನಿನ ಪಕ್ಕ ನಿಂತು ನಿಶಿ ಕಸಾಯಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಭಾವನ ಕಂಪನಿಯವರು ಟೋಕಿಯೋಗೆ ಕಳಿಸಿ ಆರೇಳು ವರ್ಷವಾಗಿತ್ತು. ಈ ದೇಶದ ಒಳಗುಟ್ಟೆಲ್ಲ ಅವಳಿಗೆ ಗೊತ್ತು.

"ಅಕ್ಕ, ನಿನ್ನೆ ಹೂಂ ಅಂದೋರು ಈಗ ಏನೂ ನಡೆದೇ ಇಲ್ಲ ಅನ್ನೋ ಥರ ಇದಾರೆ ಕಣೇ."

"ಅಯ್ಯೋ ಪೆದ್ದಿ, ಕುಡಿಯೋವಾಗ ಹೇಳಿದ್ದನ್ನ ಇಲ್ಲಿ ಯಾರು ಲೆಕ್ಕಕ್ಕೆ ತಗೋತಾರೆ? ನಿಮ್ಮ ಭಾವನ ಆಫೀಸಲ್ಲೂ ಇದೇ ಕಥೆ. ಯಾವನೋ ಒಬ್ಬ ಪಾರ್ಟೀಲಿ ಮ್ಯಾನೇಜರ್‌ಗೆ ಮುಖದ ಮೇಲೆ ಹೊಡೆದ ಹಾಗೆ ಮಾತಾಡಿರ್ತಾನೆ, ಬೆಳಗ್ಗೆ ಇಬ್ರೂ ಗುಡ್ ಮಾರ್ನಿಂಗ್ ಅಂತಾರೆ. ಮರೆಯೋದೇ ಮರ್ಯಾದೆ."

"ನಾನು ಕುಡಿದಿರ್ಲಿಲ್ವಲ್ಲ."

"ಅದೇ ಪ್ರಾಬ್ಲಮ್ಮು ನೋಡು. ಇನ್ನೊಂದ್ಸಲ ಹೇಳು. ಬೆಳಕಲ್ಲಿ ಹೇಳು."

ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡಿದ್ದವಳು ಮತ್ತೆ ಅದರ ಎದುರೇ ನಿಲ್ಲಬೇಕಾಯಿತು.

ಮಧ್ಯಾಹ್ನ ಎಕ್ಸ್‌ಪ್ರೆಸ್‌ವೇ ಹತ್ತುವ ಹೊತ್ತಿಗೆ ಹಿಂದಿನ ಸೀಟಿನವರೆಲ್ಲ ನಿದ್ದೆಹೋಗಿದ್ದರು. ಸೆನ್ಸೇ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ನನ್ನ ಕಣ್ಣೂ ಎಳೆಯುತ್ತಿತ್ತು. ಇನ್ನು ತಡೆದರೆ ಸೋಮವಾರ ಗ್ರಾಫ್ ಹಿಡಿದು ಹೋಗಿಬಿಡುತ್ತೇನೆ ಅನ್ನಿಸಿ, ರಸ್ತೆ ನೋಡುತ್ತಲೇ ಹೇಳಿದೆ.

"ಕ್ಷಮಿಸಿ, ಸೆನ್ಸೇ. ನಿನ್ನೆ ಹೇಳಿದ್ದು ನಿಜ. ನಾನು ಬಿಡ್ತೀನಿ."

ನಿದ್ದೆಯೋ ನಟನೆಯೋ ತಿಳಿಯಲಿಲ್ಲ.

"ನಿನ್ನೆಯೇ ಕೇಳಿಸಿತ್ತು" ಎಂದರು, ಕಣ್ಣು ತೆರೆಯದೆ. "ಮನಸ್ಸು ಬದಲಾದರೆ ನಿಮಗೆ ಮುಜುಗರ ಆಗಬಾರದು ಅಂತ ಬೆಳಗ್ಗೆ ಸುಮ್ಮನಿದ್ದೆ. ಬದಲಾಗಿಲ್ಲ, ಅಲ್ಲವಾ?"

"ಇಲ್ಲ."

"ಹಾಗಾದರೆ ಗ್ರಾಫ್ ಬೇಡ. ನೀವು ಬನ್ನಿ, ಮಾತಾಡೋಣ." ಆಮೇಲೆ, "ಅಷ್ಟೊಂದು ದಣಿವಾಗಿದೆಯಾ?" ಎಂದರು.

ಆ ಪ್ರಶ್ನೆಯನ್ನು ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮುಂದಿನ ರಸ್ತೆ ಮಂಜಾಯಿತು. ಅವರು ಎದ್ದು ನೇರವಾಗಿ ಕೂತರು. "ನಾನೇ ಓಡಿಸಬೇಕು. ಆದರೆ ನಿನ್ನೆಯದು ಮೈಯಲ್ಲಿ ಇನ್ನೂ ಇರಬಹುದು. ಕ್ಷಮಿಸಿ. ಮುಂದಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ. ಮಲಗಿ."

ನಿಲ್ಲಿಸಿದೆ. ಏಸಿ ಹಾಗೇ ಓಡುತ್ತಿತ್ತು. ಸೀಟು ಹಿಂದಕ್ಕೆ ಒರಗಿಸಿದ್ದಷ್ಟೇ ನೆನಪು.

ಎಚ್ಚರವಾದಾಗ ಹಿಂದಿನ ಸೀಟುಗಳು ಖಾಲಿಯಾಗಿದ್ದವು. ಲ್ಯಾಬಿನವರೆಲ್ಲ ದೂರದ ಕಟ್ಟೆಯ ಮೇಲೆ ಸಾಲಾಗಿ ಕೂತು, ಪಿಸುಮಾತಾಡುತ್ತ ಐಸ್‌ಕ್ರೀಮ್ ತಿನ್ನುತ್ತಿದ್ದರು. ಅಷ್ಟು ಜನ ಇಳಿದುಹೋದರೂ ಬಾಗಿಲಿನ ಸದ್ದು ನನಗೆ ಕೇಳಿರಲಿಲ್ಲ. ಸೆನ್ಸೇ ಮಾತ್ರ ಪಕ್ಕದಲ್ಲೇ ಇದ್ದರು. ಯಾವುದೋ ವೈನರಿಯ ಕರಪತ್ರವನ್ನು ಅಗಲ ಮಾಡಿ, ನನ್ನ ಮುಖದ ಮೇಲೆ ಬಿಸಿಲು ಬೀಳದಂತೆ ಗಾಜಿಗೆ ಒತ್ತಿ ಹಿಡಿದಿದ್ದರು. ಎಷ್ಟು ಹೊತ್ತಿನಿಂದ ಹಿಡಿದಿದ್ದರೋ, ಅರವತ್ತು ದಾಟಿದ ತೋಳಿಗೆ ಇನ್ನೊಂದು ಕೈಯ ಆಸರೆ ಕೊಟ್ಟಿದ್ದರು.

ನನ್ನ ತೀರ್ಮಾನ ಬದಲಾಗಲಿಲ್ಲ. ಆ ಚಳಿಗಾಲಕ್ಕೆ ಮೊದಲೇ ಮೈಸೂರಿಗೆ ಬಂದೆ. ಆದರೆ ಆ ಪಾರ್ಕಿಂಗಿನಲ್ಲಿ, ಇಂಥದ್ದೊಂದು ಮಧ್ಯಾಹ್ನವನ್ನು ಈ ಮನುಷ್ಯ ಮೊದಲೇ ಕೊಟ್ಟಿದ್ದರೆ ನಾನು ಹೋಗುತ್ತಿರಲಿಲ್ಲವಲ್ಲ ಎಂದು ಹೊಳೆದು, ಅವರ ಮೇಲೆ ಬಂದಷ್ಟು ಸಿಟ್ಟು ಆ ದೇಶದಲ್ಲಿ ನನಗೆ ಇನ್ಯಾರ ಮೇಲೂ ಬಂದಿರಲಿಲ್ಲ.