ಅಜ್ಜಿ ಬಾಯಿಬಿಡದ ಹೆಸರು

ಗೆಳೆಯರೇ, ನಾನು ಬರೆಯುತ್ತಿರುವ ನಮ್ಮ ವಂಶಾವಳಿಯಲ್ಲಿ ಅಜ್ಜಿಯ ಮಾವನ ತಂದೆಯ ಹೆಸರೊಂದು ಖಾಲಿ ಉಳಿದಿತ್ತು. ಈಗ ಅದು ಗೊತ್ತಿರುವುದು ಅಜ್ಜಿಗೊಬ್ಬಳಿಗೇ. ಇವತ್ತು ಧೈರ್ಯ ಮಾಡಿ ಕೇಳಿದೆ.

"ಸೊಸಿ ಆಗಿ ಹಿರ್ಯಾರ ಹೆಸರ ಬಾಯಾಗ ತರ್ಲೇನ? ಜತ್ತದ ಕಾಲೇಜಿನ್ಯಾಗ ಇದನ್ನ ಕಲಿಸ್ಯಾರೇನ ನಿನಗ?" ಎಂದು ಗದರಿದಳು.

"ನೀ ಹೇಳಲಿಲ್ಲಂದ್ರ ಆ ಹೆಸರ ನಿನ್ನ ಜೋಡಿನ ಹೋಗತೈತಿ, ಆಯಿ."

"ಹೋಗ್ಲಿ ತಗೊ."

ನಮ್ಮ ಮನೆತನದಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ನಾನೇ ಓದತೊಡಗಿದೆ. "ಕರೆಪ್ಪ?" ಅಜ್ಜಿ ಶೇಂಗಾ ಸುಲಿಯುತ್ತಲೇ ಇದ್ದಳು. "ನಿಂಗಪ್ಪ?" ತಲೆ ಎತ್ತಲಿಲ್ಲ. "ಮಾಳಪ್ಪ?" ಅನ್ನುತ್ತಲೇ ಶೇಂಗಾ ಬಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇವರನ ಏನ, ಆಯಿ?"

"ನಾ ಏನರ ಅಂದ್ನೇನ?"

ಎದೆ ಹಗುರಾಯಿತು. ಹೆಸರು ಬರೆದೆ. ಪಕ್ಕದಲ್ಲಿ ಆಧಾರ ಬರೆಯುವ ಜಾಗದಲ್ಲಿ 'ಸೆರಗು' ಎಂದು ನಮೂದಿಸಿದ್ದೇನೆ.