ಒದ್ದೆಯಾಗದ ಲಂಗ

ಇದು ನಡೆದದ್ದು ಎಂಬತ್ತರ ದಶಕದ ಆರಂಭದಲ್ಲಿ, ಮಗಳು ಎರಡನೇ ತರಗತಿಯಲ್ಲಿದ್ದಾಗ. ಮೊದಲು ಬರೆದಿಟ್ಟ ಟಿಪ್ಪಣಿಯಲ್ಲಿ ಒಂದನೇ ತರಗತಿ ಎಂದಿದ್ದೆ. ಆದರೆ ಅವಳ ತಮ್ಮ ಆಗ ಅಂಬೆಗಾಲಿಡುತ್ತಿದ್ದ. ಅವನು ಹುಟ್ಟಿದ್ದು ಅವಳು ಒಂದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ. ಆದ್ದರಿಂದ ಎರಡನೆಯದೇ ಸರಿ, ದಸರಾ ರಜೆಯ ನಂತರದ ದಿನಗಳು.

ನಮ್ಮ ಮನೆ ತುರುವೇಕೆರೆಯಲ್ಲಿತ್ತು. ನಾನು ದಿನವೂ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ತೆಂಗಿನ ರೋಗಗಳ ಬಗ್ಗೆ ಸಂಶೋಧನೆಯನ್ನೂ ಆಗಲೇ ಕೈಗೆತ್ತಿಕೊಂಡಿದ್ದೆ. ಗಂಡ ತೋಟ ನೋಡಿಕೊಳ್ಳುತ್ತಿದ್ದರು. ರಾತ್ರಿ ಹಾಸಿಗೆಯನ್ನು ಎಂದೂ ಒದ್ದೆ ಮಾಡದ ಮಗಳು ತರಗತಿಯಲ್ಲಿ ಲಂಗ ಒದ್ದೆ ಮಾಡಿಕೊಳ್ಳತೊಡಗಿದಳು. ಊಟದ ಗಂಟೆಗೆ ಮುಂಚೆ ಆಯಾ ಅವಳನ್ನು ಮನೆಗೆ ಕರೆತಂದು ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದಳು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ, ಮಗುವಿನ ಎದುರಿಗೇ ಹೇಳಿದರು: "ಹಿಂಗೇ ಆದ್ರೆ ಸೇರಿಸ್ಕೊಳ್ಳೋಕಾಗಲ್ಲ ಕಣ್ರೀ. ಈ ವರ್ಷ ಮನೇಲಿಟ್ಕೊಳ್ಳಿ." ಶಾಲೆಯೆಂದರೆ ಜೀವ ಬಿಡುತ್ತಿದ್ದ ಹುಡುಗಿ ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ.

ತಿಪಟೂರಿನ ಹಿರಿಯ ವೈದ್ಯರು ಪರೀಕ್ಷಿಸಿ, ಬೆಳಿಗ್ಗೆಯಿಂದ ಶಾಲೆ ಬಿಡುವವರೆಗೆ ನೀರು, ಹಾಲು, ಕಾಫಿ ಯಾವುದೂ ಬೇಡವೆಂದರು. ಹಾಗೆಯೇ ನಡೆದುಕೊಂಡೆವು. ಲಂಗ ಮತ್ತೆ ಒದ್ದೆಯಾಯಿತು. "ಓದಿದೋರು ನೀವು, ಹೇಳಿದ್ದು ಮಾಡ್ಬೇಕಲ್ವೇನಮ್ಮ?" ಎಂದು ಅವರು ಬೇಸರಪಟ್ಟುಕೊಂಡರು.

ಒಂದು ಭಾನುವಾರ ಹಿತ್ತಿಲಲ್ಲಿ ಆಗಷ್ಟೇ ಕೆತ್ತಿದ ಎಳನೀರು ಬುರುಡೆ ಕಂಡಿತು. ಕೊಬ್ಬರಿಗೆ ಬಿಡಬೇಕಾದ ಕಾಯನ್ನು ಎಳೆಯದರಲ್ಲೇ ಕೀಳುವುದೆಂದರೆ ನಮ್ಮ ಕಡೆ ದುಂದು. ಜ್ವರ ಬಂದವರಿಗೆ, ಬಾಣಂತಿಯ ಮನೆಯ ನೆಂಟರಿಗೆ ಮಾತ್ರ ಅದು. ಅತ್ತೆ ಮೊಮ್ಮಗಳಿಗಾಗಿ ಒಂದು ಮರವನ್ನೇ ಬಿಟ್ಟುಕೊಟ್ಟಿದ್ದರು. ದಿನವೂ ಶಾಲೆಗೆ ಮುಂಚೆ ಒಂದು.

"ಅತ್ತೆ, ಡಾಕ್ಟ್ರು ನೀರು ಬ್ಯಾಡ ಅಂದಿದ್ರಲ್ಲ?"

"ನೀರೆಲ್ಲಿ ಕೊಟ್ನವ್ವ? ಎಳ್ನೀರು ಕೊಟ್ಟೆ. ಉಷ್ಣಕ್ಕೇ ಕಣವ್ವ ಮಗೀಗೆ ಹಿಂಗಾಗದು. ಮರದ ರೋಗ ಓದ್ದೋಳು ನೀನು, ಮಕ್ಕಳ ಸಂಗ್ತಿ ನಂಗ್ ಬುಡು."

ಮಗು ಏನೇನು ಕುಡಿಯುತ್ತದೆಂದು ವೈದ್ಯರು ಕೇಳಿದಾಗ ನನಗೂ ಎಳನೀರು ಹೊಳೆದಿರಲಿಲ್ಲ. ನಮ್ಮಲ್ಲಿ ಅದನ್ನು ಯಾರೂ ನೀರಿನ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇದನ್ನು ತಿಪಟೂರಿನ ವೈದ್ಯರಿಗೆ ತಿಳಿಸುವ ಮುನ್ನವೇ, ನಮ್ಮ ಅಣ್ಣ ಗೊತ್ತು ಮಾಡಿದ್ದ ಬೆಂಗಳೂರಿನ ಮಕ್ಕಳ ತಜ್ಞರ ಬಳಿಗೆ ರೈಲಿನಲ್ಲಿ ಹೋದೆವು. ವಯಸ್ಸಿನಲ್ಲಿ ಚಿಕ್ಕವರು. ನೀರು ನಿಲ್ಲಿಸಿದ್ದೇ ತಪ್ಪು ಎಂದರು. ಚೆನ್ನಾಗಿ ಕುಡಿಸಿ, ಗಂಟೆಗೊಮ್ಮೆ ಹೊರಗೆ ಕಳಿಸಲು ಶಾಲೆಗೆ ಹೇಳಿ, ಬೈಯಬೇಡಿ ಎಂದು ಹೇಳಿ ಕಳಿಸಿದರು. ಇದನ್ನು ಮುಖ್ಯೋಪಾಧ್ಯಾಯಿನಿಗೆ ಹೇಳಿದಾಗ ಅವರು ನಕ್ಕರು. "ಇವಳು ಕಿರುಬೆರಳು ಎತ್ತಿದ್ ತಕ್ಷಣ ಬಿಟ್ರೆ ಇಡೀ ಕ್ಲಾಸೇ ಒಂದಕ್ಕೆ ಅಂತ ಎದ್ದು ನಿಲ್ಲುತ್ತೆ. ತಡ್ಕೊಳ್ಳೋದು ಕಲಿಸಿ, ತಾನೇ ಸರಿಹೋಗುತ್ತೆ."

ಗಂಡನಿಗೆ ತಿಪಟೂರಿನವರ ಅನುಭವದ ಮೇಲೆ ನಂಬಿಕೆ, ನನಗೆ ಬೆಂಗಳೂರಿನವರ ಓದಿನ ಮೇಲೆ. ಬೆಳಿಗ್ಗೆ ನಾನು ಲೋಟಕ್ಕೆ ನೀರು ಬಗ್ಗಿಸಿಟ್ಟರೆ ಅವರು ಬಂದು ಅದನ್ನು ಎತ್ತಿ ಒಳಗಿಡುತ್ತಿದ್ದರು. ಮಗಳು ಚಾಪೆಯ ಮೇಲೆ ಕುಳಿತು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದಳು. ಹಿತ್ತಿಲಿನಿಂದ ಅತ್ತೆ ಕರೆಯುತ್ತಿದ್ದರು: "ಬಾ ಮಗ, ತಂಪಾಯ್ತದೆ."

ಆಮೇಲೆ ಒಂದು ದಿನದಿಂದ ಲಂಗ ಒದ್ದೆಯಾಗುವುದು ನಿಂತಿತು. ಎಳನೀರು ಹಿಡಿಯಿತೆಂದು ಅತ್ತೆ, ಶಿಸ್ತು ಹಿಡಿಯಿತೆಂದು ಮುಖ್ಯೋಪಾಧ್ಯಾಯಿನಿ. ನಾನೂ ಗಂಡನೂ ನಮ್ಮ ನಮ್ಮ ವೈದ್ಯರನ್ನು ಮನಸ್ಸಿನಲ್ಲೇ ಹೊಗಳಿಕೊಂಡೆವು.

ಜ್ವರ ಬಂದದ್ದು ಸಂಕ್ರಾಂತಿಯ ನಂತರ ಎಂದು ಗಂಡ ಕೊನೆಯವರೆಗೂ ವಾದಿಸುತ್ತಿದ್ದರು. ಮುಂಚೆಯೇ ಇರಬೇಕು; ಆ ವರ್ಷ ಎಳ್ಳು ಬೀರಲು ಹೊಲಿಸಿದ್ದ ಹೊಸ ಲಂಗವನ್ನು ಅವಳು ಉಡಲೇ ಇಲ್ಲ. ಮೈ ಕೆಂಡವಾಗಿತ್ತು, ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು ಮೂತ್ರಪಿಂಡದವರೆಗೂ ಹೋಗಿದೆ, ಮಗು ನೀರೇ ಕುಡಿದಂತಿಲ್ಲ ಎಂದರು. ನರ್ಸ್ ಹಿಡಿದ ಲೋಟಕ್ಕೆ ಅವಳು ತುಟಿ ಬಿಗಿದು ಮುಖ ತಿರುಗಿಸಿದಳು.

"ಯಾಕೆ ಪುಟ್ಟಿ, ಬಾಯಾರಲ್ವಾ?" ಎಂದು ಕೇಳಿದೆ.

"ಕುಡುದ್ರೆ ಸ್ಕೂಲಿಗೆ ಸೇರಿಸ್ಕೊಳ್ಳಲ್ಲ."

"ಅಜ್ಜಿ ಕೊಡ್ತಿದ್ದ ಎಳ್ನೀರು ಏನ್ಮಾಡ್ತಿದ್ದೆ?"

"ದಾಸವಾಳದ ಗಿಡಕ್ಕೆ." ಆಮೇಲೆ ದನಿ ತಗ್ಗಿಸಿ, "ಅಜ್ಜಿಗೆ ಹೇಳ್ಬ್ಯಾಡ," ಎಂದಳು.

ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತಿದ್ದ ಅತ್ತೆ ಅದನ್ನು ಕೇಳಿಸಿಕೊಂಡರು. ಸೆರಗಿನಿಂದ ಅವಳ ಪಾದ ಒರೆಸಿದರು.

ಶಿವರಾತ್ರಿಯ ವೇಳೆಗೆ ಅವಳು ಶಾಲೆಗೆ ಮರಳಿದಳು. ಅವಳ ಜಾಗ ಉಳಿದಿತ್ತು. ಬೆಂಚಿನ ಗೆಳತಿ ಬಳಪದಿಂದ ಗೆರೆ ಎಳೆದು ಕಾದಿಟ್ಟಿದ್ದಳಂತೆ. ಗಂಟೆಗೊಮ್ಮೆ ಹೊರಗೆ ಬಿಡಲು ಈಗ ಮುಖ್ಯೋಪಾಧ್ಯಾಯಿನಿಯೂ ಒಪ್ಪಿದರು, ಕರೆದುಕೊಂಡು ಹೋಗಲು ಆಯಾಳಿಗೂ ಹೇಳಿದರು. ಮಗಳು ಕಿರುಬೆರಳು ಎತ್ತಲೇ ಇಲ್ಲ. ಬೆಳಿಗ್ಗೆ ನಾನು, ಗಂಡ, ಅತ್ತೆ ಮೂವರೂ ಜಗಲಿಯಲ್ಲಿ ನಿಂತು, ಲೋಟ ಬರಿದಾಗುವವರೆಗೆ ಕಾಯುತ್ತಿದ್ದೆವು. ಅವಳು ಒಲ್ಲೆ ಎನ್ನದೆ ಕುಡಿದು, ಕೊನೆಯ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು, ಕೆನ್ನೆ ಉಬ್ಬಿಸಿ ನಮ್ಮತ್ತ ಕೈ ಬೀಸುತ್ತಿದ್ದಳು. ಬೀದಿಯ ತಿರುವಿಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅಷ್ಟನ್ನಾದರೂ ಉಗುಳಿ ಶಾಲೆಯ ಕಡೆ ಓಡುತ್ತಿದ್ದಳು.